ಮೂರನೆಯ ಮನುಷ್ಯನ ಮುಖ

ತೊಂಬತ್ತರ ದಶಕದಲ್ಲಿ ಪುಣೆಯ ಧನಕವಡಿಯಿಂದ ಕಾತ್ರಜದ ಕಡೆಗೆ ನೀವು ಓಡಾಡಿದ್ದರೆ ಕಾಂತಪ್ಪನ ಕೈಬರಹ ಕಣ್ಣಿಗೆ ಬೀಳದೆ ಇರಲು ಸಾಧ್ಯವೇ ಇರಲಿಲ್ಲ. ಹಿಟ್ಟಿನ ಗಿರಣಿ, ಹಾಲಿನ ಡೇರಿ, ಸೈಕಲ್ ಅಂಗಡಿ, ಲಾರಿಯ ಬೆನ್ನು, ಗುಡಿಯ ಗೋಡೆ, ಎಲ್ಲ ಕಡೆ ಅವನದೇ ಬಣ್ಣ. ಸಿಂದಗಿ ಸೀಮೆಯಿಂದ ಮೀಸೆ ಮೂಡುವ ಮೊದಲೇ ಬಂದವನು. ಸಿನಿಮಾದ ದೊಡ್ಡ ಬೋರ್ಡು ಬರೆಯುವ ಮರಾಠಿ ಉಸ್ತಾದನ ಕೈಕೆಳಗೆ ಬಣ್ಣ ಕಲಸುತ್ತ, ಬೈಸಿಕೊಳ್ಳುತ್ತ ಕೆಲಸ ಕಲಿತವನು. ಕನ್ನಡ, ಮರಾಠಿ, ಇಂಗ್ಲಿಷು, ಮೂರೂ ಅಕ್ಷರ ಅವನ ಕುಂಚದ ತುದಿಯಲ್ಲಿ ಮುತ್ತಿನಂತೆ ಇಳಿಯುತ್ತಿದ್ದವು. ಆದರೆ ಅವನ ಹೆಮ್ಮೆ ಅಕ್ಷರದ ಮೇಲೆ ಇರಲಿಲ್ಲ. ಮುಖದ ಮೇಲಿತ್ತು.

ಎದುರಿಗೆ ಉಸಿರಾಡುವ ಮನುಷ್ಯ ನಿಲ್ಲದ ಹೊರತು ಅವನು ಯಾರ ಮುಖವನ್ನೂ ಬರೆಯುತ್ತಿರಲಿಲ್ಲ. ದೇವರದಾದರೂ ಅಷ್ಟೇ. "ಕ್ಯಾಲೆಂಡರ್ ನೋಡಿ ಬರದ ದೇವ್ರು ಹೆಣದಂಗ ಕಾಣ್ತಾನ" ಎನ್ನುವನು. ಕಾಳಿನ ಅಂಗಡಿಯ ಲಕ್ಷ್ಮಿಗೆ ಅವನ ಹೆಂಡತಿ ಚಂದಮ್ಮನ ಕಣ್ಣು. ಗುಡಿಯ ಗೋಡೆಯ ಮೇಲಿನ ದೇವಿಗೆ ಕಾಯಿಪಲ್ಲೆ ಮಾರುವ ಮರೆಮ್ಮನ ಗಲ್ಲ. ಆ ಮುದುಕಿಯಂತೂ ಗಿರಾಕಿಗಳನ್ನು ಹಂಗಿಸುತ್ತಿದ್ದಳು: "ಗುಡ್ಯಾಗ ನನಗ ಕೈ ಮುಗದು ಬರ್ತೀರಿ, ಇಲ್ಲಿ ಬಂದು ನನ್ನ ಕೂಡ ಬದನಿಕಾಯಿಗೆ ಜಗಳಾ ತಗೀತೀರಿ!" ಯಾರ ಮುಖ ದೇವರಿಗೆ ಹೋಯಿತೋ ಆ ಮನೆಯವರು ಬಣ್ಣ ಒಣಗಿದ ಮೇಲೆ ಆ ಚಿತ್ರದ ಮುಂದೆ ಬಂದು ಒಂದು ಕಾಯಿ ಒಡೆಯುವುದು ನಮ್ಮ ಓಣಿಯಲ್ಲಿ ರೂಢಿಯಾಗಿತ್ತು. ಯಾರು ಶುರು ಮಾಡಿದರೋ ಗೊತ್ತಿಲ್ಲ. ಕಾಂತಪ್ಪ ಬೇಡವೆನ್ನಲಿಲ್ಲ.

ನಾನು ಅವನ ಪಕ್ಕದ ಚಾಳಿನವನು. ಖಡಕಿಯ ಕಾರ್ಖಾನೆಯಲ್ಲಿ ದುಡಿದು ಬಿಟ್ಟು ಬಂದವನು. ಶಾಲೆ ಕಂಡದ್ದು ಕಡಿಮೆ, ಓದಿದ್ದು ಕಡಿಮೆಯಲ್ಲ. ಈ ಸಂಗತಿಯಲ್ಲಿ ನಾನು ಕಣ್ಣಾರೆ ಕಂಡದ್ದು ಅರ್ಧ, ಉಳಿದರ್ಧ ಕಾಂತಪ್ಪನೇ ನನ್ನ ಕಟ್ಟೆಯ ಮೇಲೆ ಕುಳಿತು ಹೇಳಿದ್ದು.

ಸಾವಿರದ ಒಂಬೈನೂರ ತೊಂಬತ್ತೇಳರ ಮಾತು. ನಮ್ಮ ಭಾಗದ ಸರಕಾರಿ ಕನ್ನಡ ಶಾಲೆಗೆ ಎರಡು ಬಗೆಯ ಮನೆಗಳಿಂದ ಮಕ್ಕಳು ಬರುತ್ತಿದ್ದರು. ಬೆಳಗಾವಿ, ವಿಜಾಪುರದ ಕಡೆಯಿಂದ ಬಂದು ಅಂಗಡಿ, ಆಫೀಸು ಹಿಡಿದವರ ಮಕ್ಕಳು ಒಂದು ಕಡೆ. ಕಲಬುರ್ಗಿಯ ಕಡೆಯಿಂದ ಬಂದು ಕಟ್ಟಡಗಳಲ್ಲಿ ಇಟ್ಟಿಗೆ ಹೊರುವ, ತಗಡಿನ ಶೆಡ್ಡುಗಳಲ್ಲಿ ಇರುವ ಜನರ ಮಕ್ಕಳು ಇನ್ನೊಂದು ಕಡೆ. ವಿಜ್ಞಾನ ಕಲಿಸಲು ಶೈಲಾ ಅಕ್ಕೋರು ಅಂತ ಹೊಸಬರು ಬಂದಿದ್ದರು. ಇನ್ನೂ ಕಾಯಂ ಆಗಿರಲಿಲ್ಲ, ಹುರುಪು ಮಾತ್ರ ಬಹಳ. ಎಂಟನೆಯ ಇಯತ್ತೆಗೆ ಜೀವವಿಕಾಸದ ಪಾಠ ಬರುವುದಿತ್ತು. ಮನುಷ್ಯ ಒಮ್ಮೆಲೇ ಮನುಷ್ಯನಾಗಿ ಇಳಿದು ಬಂದವನಲ್ಲ, ಲಕ್ಷಗಟ್ಟಲೆ ವರ್ಷದಲ್ಲಿ ಹಂತಹಂತವಾಗಿ ಹೀಗಾದವನು ಎಂಬ ಪಾಠ. ಪುಸ್ತಕದಲ್ಲಿ ಬೆರಳುದ್ದದ ಚಿತ್ರವೊಂದಿತ್ತು. ಅದನ್ನು ಶಾಲೆಯ ಪಡಸಾಲೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆದುಕೊಡಬೇಕೆಂದು ಅಕ್ಕೋರು ಕಾಂತಪ್ಪನನ್ನು ಕೇಳಿದರು. ಬಣ್ಣ ಕೊಡಿಸಿದವರು ಪಾಲಕರ ಸಭೆಯ ಅಧ್ಯಕ್ಷ, ಬಟ್ಟೆ ಅಂಗಡಿಯ ಬಸವಪ್ರಭು.

ಪುಸ್ತಕದ ಚಿತ್ರದಲ್ಲಿ ಐದು ಆಕಾರಗಳಿದ್ದವು. ಕರಿಯ ನೆರಳಿನಂಥವು. ಕಣ್ಣು ಮೂಗು ಇಲ್ಲ. ಕಾಂತಪ್ಪನಿಗೆ ಅದು ಒಪ್ಪಿಗೆಯಾಗಲಿಲ್ಲ. ಮುಖವಿಲ್ಲದ ಮೇಲೆ ಅದೆಂಥ ಚಿತ್ರ? ಮೊದಲನೆಯ ಮಂಗನಿಗೆ ಕಾತ್ರಜ ಘಾಟಿನ ಮಂಗಗಳನ್ನು ಹೋಗಿ ನೋಡಿ ಬಂದ. ಎರಡನೆಯದಕ್ಕೆ ಅದೇ ಮಂಗನನ್ನು ಒಂದಿಷ್ಟು ಎತ್ತಿ ನಿಲ್ಲಿಸಿದ. ಮೂರನೆಯದು ಅರ್ಧ ಮಂಗ, ಅರ್ಧ ಮನುಷ್ಯ, ಬೆನ್ನು ಬಾಗಿದ್ದು. ಆ ಬಾಗಿದ ಬೆನ್ನು ಅವನ ಕೈಗೆ ಬರಲಿಲ್ಲ. ರಜೆಯ ದಿನ, ಶಾಲೆಯ ಹಿಂದೆ ಎದ್ದು ನಿಲ್ಲುತ್ತಿದ್ದ ಕಟ್ಟಡದಲ್ಲಿ ಸಿಮೆಂಟಿನ ಚೀಲ ಹೊರುತ್ತಿದ್ದ ಲಾಲಪ್ಪನನ್ನು ಕೂಗಿ ಕರೆದ.

ಲಾಲಪ್ಪ ಅವನ ಚಹಾದ ಗೆಳೆಯ. ಮಗಳು ಸುಮಂಗಲಾ ಅದೇ ಎಂಟನೆಯ ಇಯತ್ತೆಯಲ್ಲಿ ಓದುತ್ತಿದ್ದಳು. ಅವರ ಮನೆತನದಲ್ಲಿ ಅಷ್ಟು ದೂರ ಓದಿದವಳು ಅವಳೊಬ್ಬಳೇ.

"ಏನ ಕಾಂತಣ್ಣಾ, ಕಡೀಕೂ ನನ್ನ ಪಾಳಿ ಬಂತೇನು?" ಎಂದು ಲಾಲಪ್ಪ ಮೈಮೇಲಿನ ಸಿಮೆಂಟು ಕೊಡವಿಕೊಂಡ. "ಯಾವ ದೇವ್ರು?"

"ದೇವ್ರಲ್ಲೋ ಮಾರಾಯಾ. ನಮ್ಮ ಮುತ್ಯಾನ ಮುತ್ಯಾ."

"ಅಂದ್ರ ಹಿರ್ಯಾರು. ಬರೋಬರ್. ಪಟಕಾ ಸುತ್ತಿಕೊಂಡು ಬರ್ಲೇನು?"

"ಪಟಕಾ ಬ್ಯಾಡ. ಬಗ್ಗಿ ನಿಂದ್ರು, ಚೀಲಾ ಹೊತ್ತಂಗ. ಹಾಂ, ಹಂಗ."

ಅವನು ಚೀಲವಿಲ್ಲದೆ ಚೀಲ ಹೊತ್ತವನಂತೆ ನೆಲ ನೋಡುತ್ತ ಅಂಗಳದ ಬಿಸಿಲಲ್ಲಿ ನಿಂತ; ಪಡಸಾಲೆಯ ಗೋಡೆ ಅವನಿಗೆ ಕಾಣುತ್ತಿರಲಿಲ್ಲ. ನಡುನಡುವೆ ನಗುತ್ತಿದ್ದ. ಕಾಂತಪ್ಪ ಬೆನ್ನಿಗೆ ಮಾತ್ರ ಕರೆದಿದ್ದ, ಆದರೆ ಕೈ ಸುಮ್ಮನಿರಲಿಲ್ಲ. ಅಗಲ ಮೂಗು, ಬಿಸಿಲುಂಡ ಹಣೆ, ದಪ್ಪ ತುಟಿ, ಎಡಗಡೆಯ ಹುಬ್ಬಿನ ಗಾಯ, ಎಲ್ಲವೂ ಗೋಡೆಗೆ ಏರಿದವು. ಕೊನೆಯ ಆಕಾರ, ನೆಟ್ಟಗೆ ನಿಂತ ಪೂರಾ ಮನುಷ್ಯ, ಬಣ್ಣ ಕೊಡಿಸಿದ ಬಸವಪ್ರಭುವೇ. ಕೆಂಪು ಮೈಬಣ್ಣ, ಎಣ್ಣೆ ಹಚ್ಚಿ ಬಾಚಿದ ತಲೆ. ಬಸವಪ್ರಭು ಬಂದು ನೋಡಿ, "ಹೊಟ್ಟಿ ಒಂದೀಟ ಕಡಿಮಿ ಮಾಡೋ" ಎಂದು ಖುಷಿಯಿಂದ ಹೋದರು.

ಸೋಮವಾರ ಬೆಳಿಗ್ಗೆ ಮಕ್ಕಳು ಪ್ರಾರ್ಥನೆಗೆ ನಿಲ್ಲುವ ಹೊತ್ತಿಗೆ ಲಾಲಪ್ಪ ಶಾಲೆಯ ಅಂಗಳಕ್ಕೆ ಬಂದ. ಒಗೆದ ಧೋತರ, ಗುಲಾಬಿ ಪಟಕಾ. ಪಕ್ಕದಲ್ಲಿ ಹೆಂಡತಿ ಸಕ್ಕುಬಾಯಿ, ಹಸಿರು ಇಳಕಲ್ಲು ಸೀರೆ ಉಟ್ಟು, ತಟ್ಟೆಯಲ್ಲಿ ಕಾಯಿ, ಊದಿನಕಡ್ಡಿ, ಕುಂಕುಮ ಹಿಡಿದು ನಿಂತಿದ್ದಳು. ಮಗಳು ಇಬ್ಬರ ಮುಂದೆ ದಾರಿ ತೋರಿಸುತ್ತ ಬಂದಳು. ಮುಖ ಗೋಡೆಗೆ ಹೋಗಿತ್ತಲ್ಲ, ಕಾಯಿ ಒಡೆಯಬೇಕಲ್ಲ.

ಲಾಲಪ್ಪ ಗೋಡೆಯ ಮುಂದೆ ನಿಂತು ಮೊದಲು ಕೊನೆಯ ಆಕಾರವನ್ನು ನೋಡಿದ. ಅದು ಬಟ್ಟೆ ಅಂಗಡಿಯ ಸಾವುಕಾರರು. ಆಮೇಲೆ ಅದರ ಹಿಂದಿನದು. ಆಮೇಲೆ ತನ್ನನ್ನು ಕಂಡ. ಮೈತುಂಬ ರೋಮ, ನೆಲಕ್ಕೆ ಇಳಿಬಿಟ್ಟ ಕೈ, ಹಿಂದೆ ಎರಡು ಮಂಗ. ಮುಖ ಮಾತ್ರ ತನ್ನದು, ಹುಬ್ಬಿನ ಗಾಯ ಸಹಿತ.

ಸಾಲಿನಲ್ಲಿ ನಿಂತ ಹುಡುಗನೊಬ್ಬ ಕೂಗಿದ: "ಏ ಸುಮಂಗಲಾ, ನಿಮ್ಮಪ್ಪ ಮೂರನೇ ನಂಬರ್!" ಇಡೀ ಅಂಗಳ ನಕ್ಕಿತು. ನಕ್ಕವರಲ್ಲಿ ಶೆಡ್ಡಿನ ಮಕ್ಕಳೂ ಇದ್ದರು.

ಕಾಂತಪ್ಪ ಪಡಸಾಲೆಯ ಕಂಬದ ಹತ್ತಿರವೇ ಕುಂಚ ತೊಳೆಯುತ್ತಿದ್ದ. ಲಾಲಪ್ಪ ಅವನನ್ನು ಬೈಯಲಿಲ್ಲ. ಸಕ್ಕುಬಾಯಿಯ ಕೈಯಿಂದ ತಟ್ಟೆ ತೆಗೆದುಕೊಂಡು ಅದರ ಮೇಲೆ ಪಟಕಾದ ಸೆರಗು ಹೊದಿಸಿದ, ಯಾರಿಗೂ ಕಾಯಿ ಕಾಣದಂತೆ. ಮೂವರೂ ಬಂದ ದಾರಿಯಲ್ಲೇ ಹೋದರು. ಮರುದಿನದಿಂದ ಸುಮಂಗಲಾ ಶಾಲೆಗೆ ಬರಲಿಲ್ಲ. ಅವಳ ಹಿಂದೆಯೇ ಶೆಡ್ಡಿನ ಇನ್ನೂ ಕೆಲವು ಮಕ್ಕಳು ಶಾಲೆ ಬಿಟ್ಟರು.

ಪಾಲಕರ ಸಭೆ ಕರೆದರು. ಸಿಟ್ಟು ತನ್ನ ಮೇಲೆ ಬರುತ್ತದೆಂದು ಕಾಂತಪ್ಪ ಅಂಜುತ್ತ ಹೋಗಿ ಬಾಗಿಲ ಬಳಿ ಕುಳಿತ. ಅಲ್ಲಿ ನಡೆದದ್ದೇ ಬೇರೆ.

ಬಸವಪ್ರಭು ಎದ್ದು ನಿಂತು, "ಇದು ಚಿತ್ರದ ತಪ್ಪಲ್ಲ, ಪಾಠದ ತಪ್ಪು" ಎಂದರು. "ನಮ್ಮ ಹಿರ್ಯಾರು ಮಂಗ್ಯಾ ಇದ್ರು ಅಂತ ಮಕ್ಕಳಿಗೆ ಕಲಿಸಿದ್ರ ಇನ್ನೇನಾಗ್ತದ? ಇಂಥಾ ಪಾಠ ನಮ್ಮ ಸಾಲ್ಯಾಗ ಬ್ಯಾಡ."

ಹಿಂದಿನಿಂದ ಯಾರೋ, "ಸಾವುಕಾರ್ರ, ಆ ಸಾಲಿನ್ಯಾಗ ನೀವೂ ನಿಂತೀರಲ್ರಿ" ಎಂದರು.

"ನಾ ಮುಂದ ನಿಂತೀನಿ!" ಎಂದರು ಬಸವಪ್ರಭು. ಸಭೆ ನಕ್ಕು ಹಗುರಾಯಿತು.

ಶೈಲಾ ಅಕ್ಕೋರು ಎದ್ದರು. "ಸರಕಾರದ ಪುಸ್ತಕದಾಗಿನ ಪಾಠ ಅದು. ಬಿಡೂದು ನನ್ನ ಕೈಯಾಗಿಲ್ಲ. ಮತ್ತ ಪಾಠದಾಗ ಹಂಗ ಹೇಳಿಲ್ರಿ."

ಹೆಡ್‌ಮಾಸ್ತರ ಶಂಕ್ರೆಪ್ಪನವರು ಜಗಳವೆಂದರೆ ಜ್ವರ ಬರುವ ಜೀವ. "ಬಿಡೂದು ಬ್ಯಾಡ, ಕಲಿಸೂದೂ ಬ್ಯಾಡ. ಮನ್ಯಾಗ ಓದಿಕೊಳ್ರಿ ಅಂತ ಹುಡುಗೂರಿಗೆ ಹೇಳಿಬಿಡ್ರಿ. ಮುಗೀತು" ಎಂದರು. ಎಷ್ಟೋ ಶಾಲೆಗಳಲ್ಲಿ ಎಷ್ಟೋ ಪಾಠಗಳು ಹೀಗೆಯೇ ಸತ್ತಿವೆ. ಕೊಂದವರ ಹೆಸರು ಹೊರಗೆ ಬರುವುದಿಲ್ಲ.

ಆಗ ಬಸವಪ್ರಭು ಬಾಗಿಲ ಕಡೆ ತಿರುಗಿದರು. "ಕಾಂತಪ್ಪಾ, ನೀ ಹೇಳೋ. ಪುಸ್ತಕ ನೋಡೇ ಬರದಿ ಹೌದಿಲ್ಲೋ?"

ಎಲ್ಲರೂ ಅವನನ್ನು ನೋಡಿದರು. ಅಕ್ಕೋರು ಕೂಡ.

"ಹೌದ್ರಿ" ಎಂದ ಕಾಂತಪ್ಪ. "ಪುಸ್ತಕದಾಗ ಹೆಂಗದ ಹಂಗ ಬರದೀನಿ."

ಅಕ್ಕೋರ ಕೈಯಲ್ಲಿ ಪುಸ್ತಕವಿತ್ತು. ತೆರೆಯಲು ಹೋದರು. ಶಂಕ್ರೆಪ್ಪನವರು "ಸಾಕ ಬಿಡ್ರಿ ಅಕ್ಕೋರ, ಮುಗೀಲಿ" ಎಂದು ಕಣ್ಣು ಬಿಟ್ಟರು. ನೌಕರಿ ಇನ್ನೂ ಗಟ್ಟಿಯಾಗದ ಹುಡುಗಿ. ಪುಸ್ತಕ ಎದೆಗೆ ಒತ್ತಿಕೊಂಡು ಕುಳಿತುಬಿಟ್ಟರು.

ಗೋಡೆಗೆ ಸುಣ್ಣ ಹೊಡೆಯುವ ಕೆಲಸವೂ ಕಾಂತಪ್ಪನಿಗೇ ಬಂತು. ಅವತ್ತು ಸಂಜೆ ನನ್ನ ಕಟ್ಟೆಗೆ ಬಂದು, "ಪಾರಾದ್ನಿ ಅಣ್ಣಾ" ಎಂದ. ಪಾರಾದವನ ಮುಖ ಹಾಗೆ ಇರುವುದಿಲ್ಲ. ಕೊಟ್ಟ ಚಹಾ ಮುಟ್ಟದೆ ಎದ್ದು ಹೋದ.

ಚಂದಮ್ಮನಿಗೆ ಮಾತ್ರ ಸಮಾಧಾನವಾಗಲಿಲ್ಲ. "ನನ್ನ ಕಣ್ಣ ಲಕ್ಷ್ಮಿಗೆ ಹಚ್ಚಿದಿ. ಆ ಬಡವನ ಮಾರಿ ಎಲ್ಲಿ ಹಚ್ಚಿದಿ? ಆ ಹುಡುಗಿ ಸಾಲಿ ಬಿಟ್ಟದ. ಹೋಗಿ ಕರಕೊಂಡು ಬಾ" ಎಂದು ಒಂದೇ ಸಮನೆ ಹಿಡಿದಳು. ಕೊನೆಗೆ ಅವನು ಶೆಡ್ಡಿಗೆ ಹೋದ.

ಸುಮಂಗಲಾ ತಲೆಗೆ ಬಟ್ಟೆ ಕಟ್ಟಿಕೊಂಡು ಮರಳು ಜರಡಿ ಹಿಡಿಯುತ್ತಿದ್ದಳು. ಸಕ್ಕುಬಾಯಿ ಅವನನ್ನು ಕಂಡ ಕೂಡಲೇ ಬುಟ್ಟಿ ಕೆಳಗಿಟ್ಟಳು.

"ಬರ್ರಿ ಪೇಂಟರ್ ಸಾಹೇಬ್ರ. ಇನ್ನ ಯಾರ ಮಾರಿ ಬೇಕಾಗಿತ್ರಿ? ನಂದು ಖಾಲಿ ಅದ ನೋಡ್ರಿ."

"ತಂಗೆವ್ವಾ, ಹಂಗನಬ್ಯಾಡ. ಗ್ವಾಡಿಗಿ ಸುಣ್ಣಾ ಹೊಡದೀನಿ. ಆ ಪಾಠಾನೂ ಬಿಡ್ಸ್ಯಾರ. ಪಾಠಾನ ಕೆಟ್ಟದ್ದಿತ್ತು. ಈಗ ಹುಡುಗಿನ್ನ ಕಳಸ್ರಿ."

ಲಾಲಪ್ಪ ಇಟ್ಟಿಗೆಯ ರಾಶಿಯ ಮೇಲೆ ಬೀಡಿ ಸೇದುತ್ತ ಕುಳಿತಿದ್ದ. ಮಾತಾಡಿದವಳು ಮಗಳು. ಜರಡಿ ಬಿಟ್ಟು ಒಳಗೆ ಹೋಗಿ ಪುಸ್ತಕ ತಂದಳು. ಆ ಪುಟ ತೆಗೆದು ಅವನ ಮುಂದೆ ಹಿಡಿದಳು. ಶಾಲೆ ಬಿಟ್ಟ ಮೇಲೂ ಅವಳು ಅದನ್ನು ಓದಿದ್ದಳು ಎಂಬುದು ಪುಟಕ್ಕೆ ಹತ್ತಿದ ಸಿಮೆಂಟಿನ ಬೆರಳುಗುರುತಿನಲ್ಲೇ ಕಾಣುತ್ತಿತ್ತು.

"ಕಾಕಾ, ಪುಸ್ತಕದಾಗ ಇವರಿಗೆ ಮಾರೀನ ಇಲ್ಲ. ನೀವ್ಯಾಕ ನಮ್ಮಪ್ಪಂದು ಹಚ್ಚಿದ್ರಿ?"

ಕಾಂತಪ್ಪ ಪುಟವನ್ನು ಒಮ್ಮೆ ನೋಡಿ ಬಂದ ದಾರಿ ಹಿಡಿದ. ಆ ಪ್ರಶ್ನೆ ದಾರಿಯುದ್ದಕ್ಕೂ ಅವನನ್ನು ತಿಂದಿತು. ದ್ವೇಷವಿದ್ದು ಮಾಡಿದ್ದರೆ ತಪ್ಪಾಯಿತು ಎನ್ನಬಹುದಿತ್ತು. ಹಾಸ್ಯಕ್ಕೆ ಮಾಡಿದ್ದರೆ ನಗೆಯಾಡಿದೆ ಎನ್ನಬಹುದಿತ್ತು. ಅವನು ಯೋಚನೆಯನ್ನೇ ಮಾಡಿರಲಿಲ್ಲ. ಪೂರಾ ಮನುಷ್ಯ ಯಾರು ಎಂದಾಗ ಕೈ ತಾನಾಗಿ ಬಟ್ಟೆ ಅಂಗಡಿಯ ಕಡೆ ಹೋಗಿತ್ತು. ಅರ್ಧ ಮನುಷ್ಯ ಯಾರು ಎಂದಾಗ ತಾನಾಗಿ ಸಿಮೆಂಟಿನ ಚೀಲದ ಕಡೆ ಹೋಗಿತ್ತು.

"ಅಣ್ಣಾ, ನಾಕನೇದು ಯಾರಂತ ಯಾರೂ ಕೇಳ್ಲೇ ಇಲ್ಲ" ಎಂದ, ಆ ರಾತ್ರಿ ನನ್ನ ಕಟ್ಟೆಯ ಮೇಲೆ. "ಗಡ್ಡಾ ಬರದಿದ್ನಿ, ಗುರ್ತ ಹತ್ತಲಿಲ್ಲ. ಕನ್ನಡಿ ಇಟಗೊಂಡು ನಂದ ಮಾರಿ ಬರದೀನಿ. ಸಾವುಕಾರ್ರಕಿಂತ ಒಂದ ಹೆಜ್ಜಿ ಹಿಂದ, ಲಾಲಪ್ಪಕಿಂತ ಒಂದ ಹೆಜ್ಜಿ ಮುಂದ. ಬರಿಯೂಮುಂದ ಭಾಳ ಬರೋಬರ್ ಅನಸಿತ್ತು."

ನಾನು ಅವನಿಗೆ ಸಮಾಧಾನ ಹೇಳಲಿಲ್ಲ. "ಪಾಠ ಕೆಟ್ಟದ್ದು ಅಂತ ನಾಕ ಮಂದಿ ಮುಂದ ಹೇಳಿದಿ. ಚೊಲೋದು ಅಂತ ಹೇಳೂ ಮುಂದನೂ ನಾಕ ಮಂದಿ ಇರಬೇಕು" ಎಂದಷ್ಟೇ ಹೇಳಿದೆ.

ಬಟ್ಟೆ ಅಂಗಡಿಯಲ್ಲಿ ದಸರೆಯ ಗಿರಾಕಿ ತುಂಬಿದ್ದಾಗ ಅವನು ಹೋದ. ಸೀರೆ ಬಿಚ್ಚಿ ತೋರಿಸುತ್ತಿದ್ದ ಬಸವಪ್ರಭುವಿನ ಎದುರು ನಿಂತು, "ಸಾವುಕಾರ್ರ, ಸಭಾದಾಗ ನಾ ಸುಳ್ಳ ಹೇಳೀನಿ. ಪುಸ್ತಕದಾಗ ಯಾರ ಮಾರೀನೂ ಇಲ್ಲ. ಪಾಠದ್ದೇನೂ ತಪ್ಪಿಲ್ಲ, ನನ್ನ ಕೈದು ಅದ. ಪಾಠ ಕಲಸಾಕ ಹೇಳ್ರಿ" ಎಂದ. ದನಿ ಎಷ್ಟು ಸಣ್ಣದಾಗಿತ್ತೆಂದರೆ, "ಏನಂದಿ?" ಎಂದು ಅವರು ಮತ್ತೆ ಕೇಳಬೇಕಾಯಿತು. ಅವನು ಎಲ್ಲವನ್ನೂ ಮತ್ತೆ ಹೇಳಬೇಕಾಯಿತು, ಈ ಸಲ ಗಿರಾಕಿಗಳೆಲ್ಲ ಕಿವಿ ಕೊಟ್ಟಿದ್ದರು.

"ಈಗ ಬಂದು ಹೇಳ್ತೀಯಲ್ಲೋ! ನಿನ್ನ ನಂಬಿ ನಾ ಊರ ಮುಂದ ಮಾತಾಡೀನಿ. ನಿನ್ನ ಜೋಡಿ ನನ್ನ ಮಾತೂ ಸುಳ್ಳಾತು." ಸೀರೆಯನ್ನು ಸುತ್ತಿ ಬದಿಗೆ ಒಗೆದರು. ಕೆಟ್ಟ ಮನುಷ್ಯರಲ್ಲ, ಮಾನಕ್ಕೆ ಅಂಜುವವರು. "ಹೋಗು, ಶಂಕ್ರೆಪ್ಪಗ ನಾ ಹೇಳ್ತೀನಿ. ಆದ್ರ ಹುಡುಗೂರ ಮುಂದ ನಿಂತು ನೀನ ಹೇಳಬೇಕು. ಅಲ್ಲಿ ನನ್ನ ಹೆಸರ ತಗೀಬ್ಯಾಡ."

ಶೈಲಾ ಅಕ್ಕೋರು ಶೆಡ್ಡಿಗೆ ಹೋಗಿ ಸುಮಂಗಲಾಳನ್ನು ಕರೆದರು. ಸಕ್ಕುಬಾಯಿ ಒಂದೇ ಮಾತು ಹೇಳಿದಳಂತೆ: "ಆ ಪಾಠ ಕಲಸೂ ದಿನಾ ಕಳಸ್ತೀನ್ರಿ. ಅವ ಏನ ಹೇಳ್ತಾನ ಆಕಿ ಕುಂತು ಕೇಳ್ಲಿ. ಆಮ್ಯಾಲಿಂದು ಆಮ್ಯಾಲ."

ಎಂಟನೆಯ ಇಯತ್ತೆಯ ಕೋಣೆಯಲ್ಲಿ ಕಾಂತಪ್ಪ ಕರಿಹಲಗೆಗೆ ಬೆನ್ನು ಹಚ್ಚಿ ನಿಂತ. ನಾನು ಹೊರಗೆ ಕಿಟಕಿಯ ಹತ್ತಿರ ಇದ್ದೆ, ಅವನೇ ಜೊತೆಗೆ ಬಾ ಎಂದಿದ್ದ. ಸುಮಂಗಲಾ ಕೊನೆಯ ಸಾಲಿನಲ್ಲಿ ಗೋಡೆಗೆ ಒತ್ತಿ ಕುಳಿತಿದ್ದಳು. ಅವನು ಪುಸ್ತಕದ ಪುಟ ತೆರೆದು ಎತ್ತಿ ಹಿಡಿದ.

"ನೋಡ್ರಿ. ಇದರಾಗ ಮಾರಿ ಇಲ್ಲ. ಲಾಲಪ್ಪನ ಮಾರಿ ಅಲ್ಲಿ ಹಚ್ಚಿದಾಂವ ನಾನು. ಪುಸ್ತಕ ಹೇಳಿಲ್ಲ, ಅಕ್ಕೋರು ಹೇಳಿಲ್ಲ. ನಾಕನೇದು ನಂದ ಮಾರಿ ಇತ್ತು. ಅವನಕಿಂತ ಮುಂದ ನಿಂತಿದ್ನಿ. ಅದೂ ಪುಸ್ತಕದಾಗ ಇಲ್ಲ."

ಮೊದಲ ಬೆಂಚಿನಲ್ಲಿದ್ದ ಸ್ನೇಹಲ್ ಕೈ ಎತ್ತಿದಳು. ಬಸವಪ್ರಭುವಿನ ಮಗಳು. "ಹಂಗಾದ್ರ ನಮ್ಮಪ್ಪನೂ ಪಾಠದಾಗ ಇಲ್ಲೇನ್ರಿ?"

ಕಾಂತಪ್ಪ ಅಕ್ಕೋರ ಮುಖ ನೋಡಿದ. ಅಕ್ಕೋರು, "ಇಲ್ಲವ್ವಾ, ನಿಮ್ಮಪ್ಪನೂ ಇಲ್ಲ" ಎಂದರು. ಕೋಣೆ ಗೊಳ್ಳೆಂದಿತು. ಸ್ನೇಹಲ್‌ಳೂ ನಕ್ಕಳು.

ಅಲ್ಲಿಂದ ಅಕ್ಕೋರು ಪಾಠ ಶುರು ಮಾಡಿದರು. ಕರಿಹಲಗೆಯ ಮೇಲೆ ಸಾಲು ಬರೆಯಲಿಲ್ಲ, ಒಂದು ಗಿಡ ಬರೆದರು. "ಇದು ಒಬ್ಬರ ಹಿಂದ ಒಬ್ರು ನಿಂತ ಪಾಳಿ ಅಲ್ಲ. ಗಿಡದಂಗ ಟೊಂಗಿ ಒಡಕೋತ ಹೋಗೇದ. ಮಂಗ್ಯಾ ಒಂದು ಟೊಂಗಿ, ನಾವೊಂದು ಟೊಂಗಿ. ಬುಡಕ್ಕ ಹ್ವಾದ್ರ ಒಂದ. ನಮ್ಮ ಟೊಂಗೀ ಮ್ಯಾಲ ಇರೋ ಮನಷ್ಯಾರೆಲ್ಲಾ ಒಂದ ಜಾತಿ, ಅದರಾಗ ಅರ್ಧ ಆದಾವ್ರು ಪೂರಾ ಆದಾವ್ರು ಅಂತ ಇಲ್ಲ." ಮಕ್ಕಳು ಬರೆದುಕೊಳ್ಳತೊಡಗಿದರು. ಕಾಂತಪ್ಪನ ನೆನಪು ಯಾರಿಗೂ ಉಳಿಯಲಿಲ್ಲ. ಅವನು ಬಾಗಿಲಿಗೆ ಸರಿದು ನಿಂತ.

ಪಾಠ ಮುಗಿಯುತ್ತ ಬಂದಾಗ ಹಿಂದಿನ ಸಾಲಿನಿಂದ ಸುಮಂಗಲಾ ಎದ್ದಳು.

"ಅಕ್ಕೋರ, ಚೀಲಾ ಹೊತ್ತು ಹೊತ್ತು ಬೆನ್ನ ಬಗ್ಗಿದ್ರ, ಅವರ ಮಕ್ಕಳ ಬೆನ್ನೂ ಹಂಗ ಬಗ್ಗತದೇನ್ರಿ?"

ಯಾರೂ ನಗಲಿಲ್ಲ.

"ಇಲ್ಲ" ಎಂದರು ಅಕ್ಕೋರು. "ದುಡದು ಬಗ್ಗಿದ ಬೆನ್ನ ಮಕ್ಕಳಿಗೆ ಬರೂದಿಲ್ಲ. ಅದು ಹುಟ್ಟಿಗೆ ಬಂದದ್ದಲ್ಲ, ಕೆಲಸಕ್ಕ ಬಂದದ್ದು. ಈ ಪಾಠದಾಗನ ಅದ, ಮುಂದಿನ ಪುಟದಾಗ. ಓದು, ನೀನ ಓದು."

ಅವಳು ಜೋರಾಗಿ ಓದಿದಳು. ಮನೆಯಲ್ಲಿ ಓದಿಕೊಳ್ಳಿ ಎಂದು ಪಾಠವನ್ನು ಹೂಳಿದ್ದರೆ ಈ ಪ್ರಶ್ನೆಗೆ ಉತ್ತರ ಹೇಳುವವರು ಆ ತಗಡಿನ ಶೆಡ್ಡಿನಲ್ಲಿ ಯಾರಿದ್ದರು? ಇಂಥ ಪಾಠ ಶಾಲೆಯಲ್ಲಿ ಬೇಕೋ ಬೇಡವೋ ಎಂದು ಇವತ್ತಿಗೂ ವಾದ ಮಾಡುವವರಿಗೆ ನಾನು ಇದೊಂದನ್ನೇ ಹೇಳುತ್ತೇನೆ. ಕಿಟಕಿಯಾಚೆ ನಿಂತು ನೋಡಿದೆ: ಕಾಂತಪ್ಪ ತಲೆ ತಗ್ಗಿಸಿ, ಕುಂಚದ ಬಣ್ಣ ಹತ್ತಿದ ತನ್ನ ಬಲಗೈಯನ್ನು ಅಂಗಿಯ ಒಳಗೆ ಸೇರಿಸಿಕೊಂಡಿದ್ದ.

ಸುಮಂಗಲಾ ಮತ್ತೆ ಶಾಲೆಗೆ ಬಂದಳು. ಶೆಡ್ಡಿನ ಉಳಿದವರೂ ಒಬ್ಬೊಬ್ಬರಾಗಿ ಬಂದರು. ಕಾಂತಪ್ಪ ತಲೆಯ ಭಾರ ಇಳಿಯಿತೆಂದುಕೊಂಡ. ಮತ್ತೆ ದೇವರುಗಳನ್ನು ಬರೆಯತೊಡಗಿದ. ಲಾಲಪ್ಪ ದಾರಿಯಲ್ಲಿ ಸಿಕ್ಕರೆ ತಲೆ ಆಡಿಸುತ್ತಿದ್ದ, ಚಹಾಕ್ಕೆ ನಿಲ್ಲುತ್ತಿರಲಿಲ್ಲ.

ಎರಡು ಸಾವಿರನೆಯ ಇಸವಿಯ ಬೇಸಿಗೆಯಲ್ಲಿ ಹತ್ತನೆಯ ಇಯತ್ತೆಯ ಫಲಿತಾಂಶ ಬಂತು. ಸುಮಂಗಲಾ ಪಾಸಾದಳು, ವಿಜ್ಞಾನದಲ್ಲಿ ಇಡೀ ಶಾಲೆಗೆ ಮೊದಲು. ಶೈಲಾ ಅಕ್ಕೋರು ಪಾಸಾದ ಮಕ್ಕಳನ್ನೂ ತಂದೆತಾಯಿಯರನ್ನೂ ಕರೆಸಿ ಫೋಟೋದವನನ್ನು ತರಿಸಿದ್ದರು. ಮಕ್ಕಳ ಹೆಸರನ್ನು ಹಲಗೆಯ ಮೇಲೆ ಬರೆಯಲು ಕಾಂತಪ್ಪನೂ ಬಂದಿದ್ದ. ಸಕ್ಕುಬಾಯಿ ಮಗಳ ಹೆಗಲ ಮೇಲೆ ಕೈಯಿಟ್ಟು ನಿಂತಳು. "ಅಪ್ಪನ್ನ ಕರೀರಿ" ಎಂದು ಫೋಟೋದವನು ಕೂಗಿದ.

"ನಂದು ಬ್ಯಾಡ್ರಿ" ಎಂದ ಲಾಲಪ್ಪ. "ಅವರಿಬ್ಬರದ ತಗೀರಿ."

"ಬಾರಪ್ಪಾ, ಒಂದ ಸಲ" ಎಂದಳು ಸುಮಂಗಲಾ. ಅಕ್ಕೋರು ಕರೆದರು. ಬಸವಪ್ರಭುವೂ ಕೈ ಹಿಡಿದು ಎಳೆದರು. ಅವನು ನಗುತ್ತಲೇ ಬಿಡಿಸಿಕೊಂಡ. ಫೋಟೋದವನು ಯಂತ್ರ ಎತ್ತುತ್ತಿದ್ದಂತೆ ಅಂಗಳದ ಆಚೆಗೆ ಹೋಗಿ ಗೇಟಿನ ಕಡೆ ಮುಖ ಮಾಡಿ ನಿಂತ. ಕ್ಲಿಕ್ ಆಗುವವರೆಗೂ ತಿರುಗಲಿಲ್ಲ.

"ಅವ ಮಾರಿ ತೋರಸೂದ ಬಿಟ್ಟಾನ ಅಣ್ಣಾ" ಎಂದ ಕಾಂತಪ್ಪ ಅವತ್ತು. "ಮಗಳ ಫೋಟೋದಾಗೂ ನಿಂದ್ರಲಿಲ್ಲ. ಪಾಠ ವಾಪಸ ಬಂತು, ಹುಡುಗಿ ವಾಪಸ ಬಂತು. ಅವನ ಮಾರಿ ನಾ ಹೆಂಗ ವಾಪಸ ಕೊಡ್ಲಿ?"

ಮರುವಾರ ನಿಗಡಿಯ ಕಡೆಯಿಂದ ಒಬ್ಬ ಲಾರಿಯವನು ದೇವಿಯ ಚಿತ್ರ ಬರೆಸಲು ಬಂದ. ನಾನು ಅಲ್ಲೇ ಇದ್ದೆ. ಕಾಂತಪ್ಪ ಬಣ್ಣದ ಡಬ್ಬಿ ಮುಚ್ಚುತ್ತ, "ಹೆಸರ ಬರೀತೀನ್ರಿ, ನಂಬರ ಬರೀತೀನಿ. ಮಾರಿ ಬರಿಯೂದಿಲ್ಲ" ಎಂದ. ಮುಂದೆ ಫ್ಲೆಕ್ಸ್ ಬಂದು ಅವನ ಕಸುಬು ಹೋಯಿತೆಂದು ಓಣಿಯ ಜನ ಮಾತಾಡುತ್ತಾರೆ. ಫ್ಲೆಕ್ಸ್ ಬಂದದ್ದು ಎಷ್ಟೋ ಆಮೇಲೆ.